ಮೂರನೇ ದಿನ ನೆಟ್ಟಗೆ ನಿಂತವಳು

ನಮ್ಮ ಸೋದರತ್ತೆಗೆ ಮನೆಯಲ್ಲಿ ಇಟ್ಟಿದ್ದ ಅಡ್ಡಹೆಸರು ಕಡ್ಡಿ. ಮೈಯಲ್ಲಿ ಒಂದು ಚಿಟಿಕೆ ಮಾಂಸ ಹೆಚ್ಚಿರಲಿಲ್ಲ, ಮಾತಿನಲ್ಲಿ ಒಂದು ಚಿಟಿಕೆ ದಾಕ್ಷಿಣ್ಯ ಇರಲಿಲ್ಲ. ಏನು ಹೇಳಿದರೂ ಕಡ್ಡಿ ಮುರಿದ ಹಾಗೆ ಹೇಳುತ್ತಾಳೆ, ಒಳಗೊಂದು ಹೊರಗೊಂದು ಇಲ್ಲ ಎಂದು ಅಪ್ಪ ಹೊಗಳುತ್ತಿದ್ದ. ಅಪ್ಪ ಅವಳ ಅಣ್ಣ, ಹೊಗಳುವುದು ಅವನ ಹಣೆಬರಹ. ಅವಳು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನಲ್ಲಿ ನರ್ಸುಗಳು ಬೇರೆಯೇ ಹೆಸರಿಟ್ಟಿದ್ದರು: ಮೂರನೇ ದಿನದ ಮೇಡಂ. ಆ ಹೆಸರು ಯಾಕೆ ಬಂತು, ಅದರಿಂದ ನನ್ನ ಅಮ್ಮನ ಹೊಟ್ಟೆ ಏನಾಯಿತು ಎಂದು ಹೇಳುವುದಕ್ಕೇ ಕೂತಿದ್ದೇನೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಅತ್ತೆ ಸತ್ತಿಲ್ಲ, ಗಟ್ಟಿಮುಟ್ಟಾಗಿದ್ದಾಳೆ. ಹಾಗಾಗಿ ನನಗೆ ಆ ತೊಡಕಿಲ್ಲ.

ಕ್ಲಿನಿಕ್ಕು ಒಂದು ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿತ್ತು. ಮೂಗು ತಿದ್ದುವುದು, ಸುಟ್ಟ ಕಲೆ ತೆಗೆಯುವುದು ಎಲ್ಲವೂ ಇತ್ತಾದರೂ ಹೆಸರು ಬಂದದ್ದು ಟಮ್ಮಿ ಟಕ್‌ನಿಂದ, ಅಂದರೆ ಜೋತುಬಿದ್ದ ಹೊಟ್ಟೆಯನ್ನು ಕತ್ತರಿಸಿ ಬಿಗಿ ಮಾಡುವ ಸರ್ಜರಿಯಿಂದ. ಬಂದ ಹೆಂಗಸರನ್ನು ಕೂರಿಸಿಕೊಂಡು, ಆಪರೇಷನ್ನಿನಲ್ಲಿ ಏನೇನಾಗುತ್ತದೆ ಎಂದು ತಿಳಿಸಿ, ಹೆದರಿಕೆ ಬಿಡಿಸಿ, ದಿನಾಂಕ ಬರೆಸಿ ಕಳಿಸುವುದು ಅತ್ತೆಯ ಕೆಲಸ. ಬಾಗಿಲ ಮೇಲೆ ‘ಕೌನ್ಸೆಲರ್’ ಎಂಬ ಹಲಗೆ. ಒಳಗೆ ಎರಡು ಕುರ್ಚಿ, ಆಳೆತ್ತರದ ಒಂದು ಕನ್ನಡಿ, ಮೇಜಿನ ಮೇಲೆ ಟಿಶ್ಯೂ ಡಬ್ಬಿ. ನನಗೆ ಹತ್ತೊಂಬತ್ತು ತುಂಬಿದಾಗ ಅವಳ ಶಿಫಾರಸಿನಿಂದಲೇ ಅಲ್ಲಿ ರಿಸೆಪ್ಷನ್ನಿಗೆ ಸೇರಿಕೊಂಡೆ. ನನ್ನ ಮೇಜಿಗೂ ಅವಳ ಕೋಣೆಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಅವಳ ಪಾಠ ನನಗೆ ಬಾಯಿಪಾಠವಾಗಲು ಒಂದು ತಿಂಗಳೂ ಹಿಡಿಯಲಿಲ್ಲ.

ಮೊದಲು ಬಂದವಳನ್ನು ಕನ್ನಡಿಯ ಮುಂದೆ ಅಡ್ಡ ನಿಲ್ಲಿಸುತ್ತಿದ್ದಳು. ಬಟ್ಟೆ ಸ್ವಲ್ಪ ಮೇಲೆತ್ತಿಸಿ, ಹೊಕ್ಕುಳಿನ ಕೆಳಗೆ ಜೋತಿರುವುದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ತರಕಾರಿ ಚೌಕಾಸಿ ಮಾಡುವವಳ ಹಾಗೆ ತೂಗಿ ನೋಡಿ ಕೇಳುತ್ತಿದ್ದಳು.

“ಇದನ್ನ ಇಷ್ಟು ವರ್ಷ ಯಾರಿಗೋಸ್ಕರ ಜೋಪಾನ ಮಾಡಿದ್ರಿ?”

ಹೆಂಗಸರು ಮೊದಲು ನಗುತ್ತಿದ್ದರು. ಆಮೇಲೆ ಅಳುತ್ತಿದ್ದರು. ಅತ್ತೆ ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಿ, ಮೂಗು ಒರೆಸಿಕೊಳ್ಳುವ ತನಕ ಕಾದು, ಆಮೇಲೆ ಬೆಣ್ಣೆಯಂಥ ದನಿಯಲ್ಲಿ ಶುರುಮಾಡುತ್ತಿದ್ದಳು.

“ನೋಡಿ, ಸೊಂಟದ ಈ ತುದಿಯಿಂದ ಆ ತುದಿಗೆ ಕೆಳಗಡೆ ಒಂದು ಗೆರೆ ಕುಯ್ತಾರೆ. ಬಸುರಿಯಾದಾಗ ನಡುವೆ ಬಿಟ್ಕೊಂಡಿರೋ ಸ್ನಾಯುಗಳನ್ನ ಹತ್ತಿರ ಎಳೆದು ಹೊಲೀತಾರೆ. ಚರ್ಮ ಕೆಳಗೆ ಜಗ್ಗಿ, ಹೆಚ್ಚಾಗಿದ್ದನ್ನ ಕತ್ತರಿಸಿ ತೆಗೀತಾರೆ. ಹೊಕ್ಕುಳನ್ನ ಸುತ್ತ ಬಿಡಿಸಿ ಹೊಸ ಜಾಗದಲ್ಲಿ ಕೂರಿಸ್ತಾರೆ, ಸುತ್ತ ಒಂದು ಉಂಗುರದ ಥರ ಗುರುತು ಉಳಿಯತ್ತೆ, ಅಷ್ಟೇ. ರಸ ಇಳಿಯೋಕೆ ಎರಡು ಪೈಪು ಹಾಕಿರ್ತಾರೆ, ವಾರದಲ್ಲಿ ತೆಗೀತಾರೆ. ಬೆಲ್ಟು ಆರು ವಾರ. ಮೊದಮೊದಲು ಊತ ಇರತ್ತೆ, ಮೊದಲಿಗಿಂತ ದಪ್ಪ ಕಾಣ್ತೀರ, ಅದಕ್ಕೆ ಗಾಬರಿ ಆಗಬೇಡಿ. ಕೆಳಹೊಟ್ಟೆ ತಿಂಗಳುಗಟ್ಟಲೆ ಜೋಮು ಹಿಡಿದಿರತ್ತೆ. ಸೀನಿದರೆ ಪ್ರಾಣ ಹೋದಂಗಾಗತ್ತೆ, ಸೀನಬೇಡಿ.”

ಇಷ್ಟರವರೆಗೆ ಹೇಳಿದ್ದೆಲ್ಲ ನಿಜ. “ನೋವು ತುಂಬಾನಾ ಮೇಡಂ?” ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಆಗ ಕುರ್ಚಿ ಹಿಂದೆ ಸರಿಯುವ ಸದ್ದು. ಅತ್ತೆ ಎದ್ದು ನಿಂತು ತನ್ನ ಚಪ್ಪಟೆ ಹೊಟ್ಟೆಯನ್ನು ಬಟ್ಟೆಯ ಮೇಲಿಂದಲೇ ಪಟಪಟ ತಟ್ಟಿಕೊಳ್ಳುತ್ತಿದ್ದಳು. “ನಾನೇ ಮಾಡಿಸ್ಕೊಂಡಿದ್ದೀನಲ್ಲಮ್ಮ! ಮೂರನೇ ದಿನ ನೆಟ್ಟಗೆ ಎದ್ದು ನಿಂತೆ. ಹತ್ತನೇ ದಿನ ಕೆಲಸಕ್ಕೆ ಹೋದೆ. ನನ್ನನ್ನ ನೋಡಿದ್ರೆ ಸತ್ತು ಹುಟ್ಟಿದ ಹಾಗೆ ಕಾಣತ್ತಾ?”

ಅಲ್ಲಿಗೆ ದಿನಾಂಕ ನಿಶ್ಚಯವಾಗುತ್ತಿತ್ತು.

ಡಾಕ್ಟರು ಅಚ್ಚು ಹಾಕಿಸಿ ಕೊಡುತ್ತಿದ್ದ ಹಾಳೆಯಲ್ಲಿ ಬೇರೆಯೇ ಇತ್ತು. ಹತ್ತು ದಿನ ಸೊಂಟ ಬಗ್ಗಿಸಿಯೇ ನಡೆಯಬೇಕು. ಮಲಗುವಾಗ ಬೆನ್ನಿಗೆ ಮೂರು ದಿಂಬು, ಮಂಡಿ ಕೆಳಗೆ ಎರಡು. ನೆಟ್ಟಗೆ ನಿಂತರೆ ಹೊಲಿಗೆ ಜಗ್ಗುತ್ತದೆ, ರಕ್ತ ಓಡುವುದಿಲ್ಲ, ಚರ್ಮ ಸಾಯುತ್ತದೆ. ಬಹಳಷ್ಟು ಹೆಂಗಸರು ಆಪರೇಷನ್ ಆದ ಮೇಲೆ ನೋವಿಗೆ ಹೆದರಿ ತಾವಾಗಿಯೇ ಬಗ್ಗಿ ನಡೆಯುತ್ತಿದ್ದರು, ಅತ್ತೆಯ ಮೂರನೇ ದಿನವನ್ನು ಮರೆಯುತ್ತಿದ್ದರು. ಹಾಗಾಗಿ ಅವಳ ಸುಳ್ಳು ಹನ್ನೊಂದು ವರ್ಷ ಯಾರಿಗೂ ಕಚ್ಚಲಿಲ್ಲ. ಡಾಕ್ಟರಿಗೆ ಗೊತ್ತಿತ್ತೇ ಎಂದರೆ, ಗೊತ್ತಿತ್ತು. ಹೇಳುವವರು ಅವರಲ್ಲವಲ್ಲ, ಅದಕ್ಕೇ ಸುಮ್ಮನಿದ್ದರು.

ಸುಳ್ಳು ಎಂದು ನಾನು ಹೇಗೆ ಬಲ್ಲೆ? ಕಣ್ಣಾರೆ ನೋಡಿದ್ದೇನೆ. ನನಗೆ ಎಂಟು ವರ್ಷವಿದ್ದಾಗ ಅತ್ತೆ ಗಂಡನನ್ನು ಬಿಟ್ಟು ನಮ್ಮ ಮನೆಗೆ ಬಂದಳು. ಏಳು ತಿಂಗಳ ಕೂಸೊಂದು ಹೊಟ್ಟೆಯಲ್ಲೇ ಹೋಗಿತ್ತು. ಅದು ನಿಜ, ಅಪ್ಪ ಆಸ್ಪತ್ರೆಗೆ ಹೋಗಿ ಕರೆದುಕೊಂಡು ಬಂದಿದ್ದ. ಒಂದು ವರ್ಷ ನನ್ನ ಕೋಣೆಯಲ್ಲೇ ಮಲಗಿದಳು. ದಿನಾ ಬೆಳಿಗ್ಗೆ ಬೀರುವಿನ ಕನ್ನಡಿ ಮುಂದೆ ಬಟ್ಟೆ ಬದಲಿಸುತ್ತಿದ್ದಳು. ಹೊಟ್ಟೆ ಕವುಚಿಟ್ಟ ತಟ್ಟೆಯ ಹಾಗೆ ಚಪ್ಪಟೆ, ನುಣುಪು, ಒಂದು ಗೆರೆ ಇಲ್ಲ, ಕತ್ತರಿಸಿ ತೆಗೆಯುವಂಥದ್ದೂ ಏನಿರಲಿಲ್ಲ. ಆಮೇಲೆ ಕ್ಲಿನಿಕ್ಕಿಗೆ ಸೇರಿ ಬೇರೆ ಮನೆ ಮಾಡಿಕೊಂಡಳು. ಕೂಸು ಹೋದ ಮೇಲೆ ಚರ್ಮ ಖಾಲಿ ಚೀಲದ ಹಾಗೆ ಜೋತುಬಿತ್ತು, ಇದೇ ಡಾಕ್ಟರ ಹತ್ತಿರ ಕತ್ತರಿಸಿಕೊಂಡೆ ಎಂದು ಎಲ್ಲರಿಗೂ ಹೇಳತೊಡಗಿದಳು. ನಮ್ಮ ಮನೆಯಲ್ಲೂ ಅದನ್ನೇ ಹೇಳಿದಳು. ಸತ್ತ ಕೂಸಿನ ಮಾತು ಬಂದರೆ ಯಾರು ತಾನೇ ಬಟ್ಟೆ ಎತ್ತಿ ತೋರಿಸು ಎನ್ನುತ್ತಾರೆ? ಅಮ್ಮ ಅಂತೂ ಕಣ್ಣು ತುಂಬಿಕೊಂಡು ನಂಬಿದಳು.

ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಅತ್ತೆಯನ್ನು ಕೇಳಿದ್ದೆ. “ಅತ್ತೆ, ನಿನ್ನ ಹೊಟ್ಟೆ ಮೇಲೆ ಗೆರೆನೇ ಇಲ್ವಲ್ಲ?”

ಅವಳು ಕೋಪಿಸಿಕೊಳ್ಳಲಿಲ್ಲ. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳೋದು ಒಂದೇ ಒಂದು ಸುಳ್ಳು, ಅದ್ರಲ್ಲಿ ಎಷ್ಟು ಜನರ ಬಾಳು ನೆಟ್ಟಗಾಗಿದೆ ನೋಡು. ನಿನ್ನ ಕುರ್ಚಿ ನೆಟ್ಟಗಿರಬೇಕು ಅಂದ್ರೆ ನೀನೂ ಬಾಯಿ ಮುಚ್ಕೊಂಡಿರು.”

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಮೌನಕ್ಕೆ ಸಿಕ್ಕಿದ್ದು ಚಕ್ರ ಇರುವ ಒಂದು ಕುರ್ಚಿ.

ಇನ್ನು ಅಮ್ಮ. ಅಮ್ಮ ದೊಡ್ಡ ಹೋಟೆಲೊಂದರಲ್ಲಿ ಹದಿನೇಳು ವರ್ಷದಿಂದ ಹಾಸಿಗೆ ಹಾಸುತ್ತಿದ್ದಳು. ಒಂದು ಪಾಳಿಗೆ ಹದಿನಾಲ್ಕು ಕೋಣೆ. ಚಾದರದ ಮೂಲೆಯನ್ನು ಮಡಚಿ ಹಾಸಿಗೆಯ ಕೆಳಗೆ ಸಿಕ್ಕಿಸುವುದರಲ್ಲಿ ಅವಳದ್ದು ಎತ್ತಿದ ಕೈ. ಅವಳು ಹಾಸಿದ ಚಾದರದ ಮೇಲೆ ನಾಣ್ಯ ಹಾಕಿದರೆ ಪುಟಿಯುತ್ತದೆ ಎಂದು ಜೊತೆಯವರು ಹೇಳುತ್ತಿದ್ದರು. ಆದರೆ ಅವಳ ಸ್ವಂತ ಹೊಟ್ಟೆ ಮಾತ್ರ ಸಿಕ್ಕಿಸಿದಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಕಾರಣ ನಾನು. ಹುಟ್ಟುವಾಗ ನಾನು ಹತ್ತಿರ ಹತ್ತಿರ ಐದು ಕಿಲೋ ಇದ್ದೆನಂತೆ. ನಡುವಿನ ಸ್ನಾಯು ಬಿಟ್ಟುಕೊಂಡಿದ್ದು ಮತ್ತೆ ಕೂಡಲಿಲ್ಲ. ಇಪ್ಪತ್ತು ವರ್ಷ ಕಳೆದರೂ ನೋಡಿದವರಿಗೆ ಆರು ತಿಂಗಳ ಬಸುರಿ. ಲಿಫ್ಟಿನಲ್ಲಿ ಸಿಕ್ಕ ಅತಿಥಿಗಳು “ಈ ಸ್ಥಿತೀಲಿ ಕೆಲಸ ಮಾಡ್ಬೇಡಿ” ಎಂದು ಬುದ್ಧಿ ಹೇಳುತ್ತಿದ್ದರು. ಬಸ್ಸಿನಲ್ಲಿ ಅವಳಿಗಿಂತ ವಯಸ್ಸಾದವರು ಎದ್ದು ಜಾಗ ಕೊಡುತ್ತಿದ್ದರು. ಅಮ್ಮ ಸುಮ್ಮನೆ ಕೂತುಬಿಡುತ್ತಿದ್ದಳು, ಬೆನ್ನು ನೋವು ನಿಜವಾಗಿಯೂ ಇತ್ತಲ್ಲ.

ಅಪ್ಪನಿಗೆ ಇದೊಂದು ತಮಾಷೆ. “ನಿಮ್ಮಮ್ಮ ಯಾರು ಏನಂದ್ರೂ ಹೊಟ್ಟೆಗೆ ಹಾಕ್ಕೋತಾಳೆ. ಹಾಕ್ಕೊಂಡು ಹಾಕ್ಕೊಂಡು ನೋಡು ಎಷ್ಟಾಗಿದೆ” ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅಮ್ಮ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.

ನನಗೆ ಇಪ್ಪತ್ತಾದ ವರ್ಷ ಹೋಟೆಲಿನ ಮ್ಯಾನೇಜರು ಅಮ್ಮನನ್ನು ಕರೆದು, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಐದನೇ ಮಹಡಿಗೆ ಸೂಪರ್‌ವೈಸರ್ ಮಾಡುತ್ತೇನೆ ಎಂದ. ಇನ್ನು ಹಾಸಿಗೆ ಎತ್ತುವುದಿಲ್ಲ, ಹಾಸಿದ್ದನ್ನು ನೋಡಿ ಸಹಿ ಹಾಕುವುದು. ಕೈಕೆಳಗೆ ಆರು ಜನ. ಅಮ್ಮ ಹೂಂ ಎನ್ನುವಷ್ಟರಲ್ಲಿ ಮ್ಯಾನೇಜರು ಅವಳ ನಡುವಿನ ಕಡೆ ನೋಡಿ ಸೇರಿಸಿದನಂತೆ, “ಅತಿಥಿಗಳ ಎದುರು ಎಂಟು ಗಂಟೆ ನಿಂತಿರೋ ಕೆಲಸ. ಇದನ್ನ ಸ್ವಲ್ಪ ನೋಡ್ಕೊಳ್ಳಿ.”

ಹೊಸ ಸಮವಸ್ತ್ರ ಮನೆಗೆ ಬಂತು. ನೀಲಿ ಕೋಟು, ಒಳಗೆ ಸಿಕ್ಕಿಸುವ ಬಿಳಿ ಷರಟು, ಹಿತ್ತಾಳೆ ಬಕಲ್ಲಿನ ಬೆಲ್ಟು. ಬೆಲ್ಟಿನ ಕೊನೆಯ ತೂತಿಗೂ ಅಮ್ಮನ ನಡುವಿಗೂ ಒಂದು ಗೇಣು ಅಂತರ ಇತ್ತು. ಅಮ್ಮ ಅದನ್ನು ಬೀರುವಿನ ಬಾಗಿಲಿಗೆ ನೇತುಹಾಕಿ, ಅತ್ತೆಗೆ ಫೋನು ಮಾಡಿದಳು.

“ಮೂರು ವಾರ ರಜೆ ಇದೆ. ಅಷ್ಟರಲ್ಲಿ ಆಗತ್ತೇನೇ?”

“ಹತ್ತನೇ ದಿನ ನಾನು ಕೆಲಸಕ್ಕೆ ಹೋಗಿಲ್ವಾ ಅತ್ತಿಗೆ? ನಾಳೇನೇ ಬನ್ನಿ.”

ಡಾಕ್ಟರು ಅಮ್ಮನಿಗೆ ಇಪ್ಪತ್ತು ನಿಮಿಷ ವಿವರಿಸಿದರು. ಹೇಳಿದ ಹಾಗೆ ಕೇಳಿದರೆ ಇಪ್ಪತ್ತೊಂದನೇ ದಿನಕ್ಕೆ ಭಾರ ಎತ್ತದ ಕೆಲಸ ಮಾಡಬಹುದು ಎಂದರು. ಅಮ್ಮ ಎಲ್ಲ ಕೇಳಿಸಿಕೊಂಡು, “ಗೊತ್ತಾಯ್ತು ಸಾರ್. ಚಾದರ ಎಳೆದು ಸಿಕ್ಕಿಸೋ ಕೆಲಸ” ಎಂದಳು. ಡಾಕ್ಟರು ನಕ್ಕರು. ಅತ್ತೆಯ ಅತ್ತಿಗೆ ಎಂದು ಫೀಸಿನಲ್ಲೂ ಸ್ವಲ್ಪ ಬಿಟ್ಟರು. ಆಪರೇಷನ್ನಿನ ದಿನ ನಿಲ್ಲಿಸಿ, ನೇರಳೆ ಪೆನ್ನಿನಲ್ಲಿ ಹೊಟ್ಟೆಯ ಮೇಲೆಲ್ಲ ಗೆರೆ ಎಳೆದರು. ಅಮ್ಮ ತಲೆ ಬಗ್ಗಿಸಿ ಆ ಗೆರೆಗಳನ್ನೇ ನೋಡುತ್ತಿದ್ದಳು. ನಾಲ್ಕು ಗಂಟೆ ಹಿಡಿಯಿತು. ತೆಗೆದದ್ದು ಎರಡು ಕಿಲೋ ಮುನ್ನೂರು ಗ್ರಾಂ. ಎರಡನೇ ದಿನ ಮನೆಗೆ ಕಳಿಸಿದರು. ಹಾಳೆಯನ್ನು ನಾನೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆ ಬಂದಳು. ಒಬ್ಬಳೇ ಬರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆಯನ್ನೂ ಅವಳ ಅಕ್ಕನನ್ನೂ ಕರೆದುಕೊಂಡು ಬಂದಿದ್ದಳು. ಮಾಡಿಸಿಕೊಳ್ಳುವುದೋ ಬೇಡವೋ ಎಂದು ಮೂರು ಸಲ ಬಂದು ಹೋಗಿದ್ದ ಗಿರಾಕಿಗಳು. “ಹೇಳಿದ್ರೆ ನಂಬಲ್ಲ, ಬನ್ನಿ ನಮ್ಮ ಅತ್ತಿಗೇನ ನೋಡಿ” ಎಂದು ಕರೆತಂದಿದ್ದಳು. ಅವರು ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಬಾಗಿಲಲ್ಲೇ ನಿಂತರು. ಅಮ್ಮ ದಿಂಬುಗಳ ನಡುವೆ, ಮಂಡಿ ಮಡಚಿಕೊಂಡು, ರಸದ ಪೈಪುಗಳ ತುದಿಗಿದ್ದ, ನೈಟಿಗೆ ಪಿನ್ನು ಹಾಕಿದ ಎರಡು ಪ್ಲಾಸ್ಟಿಕ್ ಬುರುಡೆಗಳಲ್ಲಿ ಕೆಂಪು ನೀರು ತುಂಬಿಕೊಂಡು ಒರಗಿದ್ದಳು. ಬೆಳಿಗ್ಗೆಯಿಂದ ಒಂದು ಲೋಟ ಸೂಪು ಬಿಟ್ಟರೆ ಏನೂ ಇಳಿದಿರಲಿಲ್ಲ. ಬ್ಯಾಂಕಿನಾಕೆಯ ಮುಖ ಸಣ್ಣದಾಯಿತು.

ಅದನ್ನು ಅಮ್ಮ ನೋಡಿದಳು. ಅತ್ತೆಗೆ ಅವಮಾನವಾಗಬಾರದು ಎಂಬುದು ಅವಳ ಹುಟ್ಟುಗುಣ. “ಇವತ್ತು ಮೂರನೇ ದಿನ ಅಲ್ವೇನೇ? ಎದ್ದು ನಿಲ್ಲಲಾ?” ಎಂದಳು.

ಅತ್ತೆ ಅವರ ಕೈಯಿಂದ ಕಿತ್ತಳೆ ಚೀಲ ತೆಗೆದುಕೊಂಡು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಫ್ರಿಜ್ಜಿನ ಮೇಲಿನ ಹಾಳೆಯ ಕಡೆ ನೋಡಿದೆ. ಬೇಡ ಅತ್ತಿಗೆ, ನಾನು ಮಾಡಿಸಿಕೊಂಡೇ ಇಲ್ಲ ಎಂದು ಹೇಳಲು ಅವಳಿಗೆ ಅಷ್ಟು ಸಮಯ ಇತ್ತು. ಬೇಡ ಎಂದಷ್ಟೇ ಹೇಳಿದ್ದರೂ ಸಾಕಿತ್ತು.

“ನಿಮ್ಮ ಕೈಲಿ ಆದ್ರೆ ಮಾಡಿ ಅತ್ತಿಗೆ,” ಎಂದಳು. “ಎಲ್ರಿಗೂ ಆಗಲ್ಲ.”

ಅಮ್ಮ ಕಾಲು ನೆಲಕ್ಕಿಟ್ಟಳು. ಕುರ್ಚಿಯ ಬೆನ್ನು ಹಿಡಿದಳು. ಮೊದಲು ಗೂನಿಯಂತೆ ಎದ್ದಳು, ಆಮೇಲೆ ಇಂಚು ಇಂಚಾಗಿ ನೆಟ್ಟಗಾದಳು. ಮೇಲ್ದುಟಿಯ ಮೇಲೆ ಬೆವರು ಮೂಡಿತು, ತುಟಿ ಬಿಳಿಚಿತು. ಪೂರ್ತಿ ನೆಟ್ಟಗೆ ನಿಂತು, ಕೈ ಬಿಟ್ಟು, ಪಾಠ ಒಪ್ಪಿಸಿದ ಮಗುವಿನ ಹಾಗೆ ಅತ್ತೆಯ ಕಡೆ ನೋಡಿ ನಕ್ಕಳು. ಆ ಇಬ್ಬರು ಹೆಂಗಸರು ಚಪ್ಪಾಳೆ ತಟ್ಟಿದರು. ಬ್ಯಾಂಕಿನಾಕೆ ಅಲ್ಲೇ ದಿನಾಂಕ ಹೇಳಿದಳು.

ಅವರು ಹೋದ ಮೇಲೆ ನಾನು ಹೇಳಿದೆ, “ಅಮ್ಮ, ಹತ್ತು ದಿನ ಬಗ್ಗೇ ನಡೀಬೇಕು ಅಂತ ಹಾಳೇಲಿ ಬರೆದಿದೆ.”

“ಹಾಳೇಲಿ ಎಲ್ರಿಗೂ ಒಂದೇ ಬರೀತಾರೆ ಕಣೆ. ನಾಳೆ ಏನಾದ್ರೂ ಆದ್ರೆ ತಮ್ಮ ತಲೆಗೆ ಬರಬಾರ್ದು ಅಂತ. ನಿನ್ನ ಅತ್ತೆ ಮೈಮೇಲೆ ಅನುಭವಿಸಿ ಹೇಳ್ತಿರೋದು. ಒಂದನೇ ತಾರೀಖು ನಾನು ನಿಲ್ಲಬೇಕಲ್ಲ.”

ಒಂದು ವಾಕ್ಯ ಸಾಕಾಗಿತ್ತು. ಅತ್ತೆಯ ಹೊಟ್ಟೆಯ ಮೇಲೆ ಗೆರೆ ಇಲ್ಲ ಎನ್ನುವ ಒಂದೇ ವಾಕ್ಯ. ಅದನ್ನು ನಾನು ಹೇಳಲಿಲ್ಲ. ಹೆದರಿದೆ, ಯೋಚಿಸಿದೆ, ಸಂದರ್ಭ ಬರಲಿಲ್ಲ ಎಂದೆಲ್ಲ ಇಲ್ಲಿ ಬರೆಯಬಹುದು. ಅದೆಲ್ಲ ಏನಲ್ಲ. ನನಗೆ ಆ ಕೆಲಸ ಬೇಕಿತ್ತು, ಅಷ್ಟೇ.

ಅಂದಿನಿಂದ ಅಮ್ಮ ದಿನಕ್ಕೆ ನಾಲ್ಕು ಸಲ ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿ, ತಲೆ ಎರಡೂ ತಾಗಿಸಿ, ಗಡಿಯಾರ ನೋಡಿಕೊಂಡು ಹತ್ತತ್ತು ನಿಮಿಷ ನಿಂತಳು. ಬೀರುವಿನ ಮೇಲಿನ ನೀಲಿ ಕೋಟು ಎದುರಿಗೇ ಕಾಣುತ್ತಿತ್ತು. ಕೆಳಹೊಟ್ಟೆ ಜೋಮು ಹಿಡಿದಿದ್ದರಿಂದ ಗಾಯದ ಬಾಯಲ್ಲಿ ಏನಾಗುತ್ತಿದೆ ಎಂದು ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ಆರನೇ ದಿನ ಹೊಲಿಗೆಯ ನಡುಭಾಗ ನೀಲಿಗಟ್ಟಿತು. ಒಂಬತ್ತನೇ ದಿನ ಕಪ್ಪಾಯಿತು, ವಾಸನೆ ಬಂತು. ಹನ್ನೊಂದನೇ ದಿನ ಹೊಲಿಗೆ ಬಾಯಿಬಿಟ್ಟಿತು.

ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿದವರೇ ಕೂಗಾಡಿದರು. “ಯಾರ್ರೀ ನಿಮಗೆ ನೆಟ್ಟಗೆ ನಿಲ್ಲೋಕೆ ಹೇಳಿದ್ದು? ಓದೋಕೆ ಬರಲ್ವಾ ನಿಮಗೆ?”

ಪಕ್ಕದಲ್ಲಿ ಅತ್ತೆ ಸ್ಟೀಲಿನ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಕತ್ತರಿ, ಹತ್ತಿ, ಔಷಧ. ತಟ್ಟೆ ಅಲುಗಲಿಲ್ಲ.

“ಯಾರೂ ಹೇಳಿಲ್ಲ ಸಾರ್. ನಾನೇ ನಿಂತೆ,” ಎಂದಳು ಅಮ್ಮ.

ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಅಂಗೈಯಗಲದ ಗುಳಿ ಉಳಿಯಿತು. ದಿನಕ್ಕೆರಡು ಸಲ ಅದರೊಳಗಿನ ಒದ್ದೆ ಬಟ್ಟೆಯನ್ನು ಎಳೆದು ತೆಗೆದು, ಹೊಸದನ್ನು ತುಂಬಬೇಕು. ಐದು ತಿಂಗಳು ಅದನ್ನು ನಾನೇ ಮಾಡಿದೆ. ಮಾಡಲೇಬೇಕಿತ್ತು, ನನ್ನ ಪಾಲಿನದ್ದೂ ಅದರಲ್ಲಿತ್ತು. ಅಮ್ಮ ಬಾಯಿಗೆ ಟವೆಲ್ಲು ಕಚ್ಚಿಕೊಂಡು ಛಾವಣಿ ನೋಡುತ್ತಿದ್ದಳು. ಅಪ್ಪ ಆ ಹೊತ್ತಿಗೆ ಹೊರಗೆ ಹೋಗಿಬಿಡುತ್ತಿದ್ದ. ಹೊಟ್ಟೆಯ ತಮಾಷೆಯನ್ನು ಮತ್ತೆ ಆಡಲಿಲ್ಲ. ಅವನ ಜೀವಮಾನದ ದೊಡ್ಡ ತ್ಯಾಗ ಅದೇ ಇರಬೇಕು.

ಒಂದನೇ ತಾರೀಖು ಬಂತು, ಹೋಯಿತು. ಮ್ಯಾನೇಜರು ಫೋನಿನಲ್ಲಿ “ಆರೋಗ್ಯ ಮುಖ್ಯ ನೋಡಿ” ಎಂದ. ಐದನೇ ಮಹಡಿ ಅಮ್ಮನಿಂದಲೇ ಚಾದರದ ಮೂಲೆ ಮಡಚಲು ಕಲಿತಿದ್ದ ಹುಡುಗಿಯ ಪಾಲಾಯಿತು. ಸಮವಸ್ತ್ರ ವಾಪಸು ಕೇಳಿ ಕಳಿಸಿದರು. ನಾನೇ ಮಡಚಿ ತೆಗೆದುಕೊಂಡು ಹೋಗಿ ಕೊಟ್ಟೆ. ಬೆಲ್ಟು ಚೀಲದಲ್ಲಿದೆಯೋ ಇಲ್ಲವೋ ಎಂದು ಅಲ್ಲಿನವನು ಬಿಚ್ಚಿ ನೋಡಿದ. ಆಮೇಲೆ ಅಮ್ಮ ಕೆಲಸಕ್ಕೆ ಹೋದಳಾದರೂ ಹಾಸಿಗೆ ಎತ್ತಲು ಆಗಲಿಲ್ಲ. ನೆಲಮಾಳಿಗೆಯಲ್ಲಿ ಕೂತು ಊಟದ ಮೇಜಿನ ಕರವಸ್ತ್ರ ಮಡಚುವ ಕೆಲಸಕ್ಕೆ ಹಾಕಿದರು. ದಿನಕ್ಕೆ ಎಂಟುನೂರು ಕರವಸ್ತ್ರ. ಅಲ್ಲಿಗೆ ಅತಿಥಿಗಳು ಬರುವುದಿಲ್ಲ, ಎಷ್ಟು ತಿಂಗಳು ಎಂದು ಯಾರೂ ಕೇಳುವುದಿಲ್ಲ.

ಅಮ್ಮ ಅತ್ತೆಯ ಮೇಲೆ ಒಂದು ಮಾತೂ ಹೊರಿಸಲಿಲ್ಲ. ಅದು ದೊಡ್ಡತನ ಎಂದುಕೊಂಡಿದ್ದೆ. ಅದಲ್ಲ. ತಪ್ಪು ತನ್ನ ಮೈಯದ್ದೇ ಎಂದು ಅವಳು ನಂಬಿದ್ದಳು. “ಅವಳು ನಿಂತಳು, ನನ್ನ ಕೈಲಿ ಆಗ್ಲಿಲ್ಲ. ನನ್ನ ಮೈಯೇ ಕೊಳಕು ಕಣೆ” ಎಂದು ಎಷ್ಟು ಸಲ ಹೇಳಿದ್ದಾಳೋ. ಆರು ವರ್ಷ ಅದನ್ನೇ ಹೇಳಿಕೊಂಡಳು. ಸ್ನಾನ ಮಾಡುವಾಗ ಬಚ್ಚಲಿನ ಕನ್ನಡಿಗೆ ಟವೆಲ್ಲು ಹೊದಿಸುತ್ತಿದ್ದಳು.

ಅತ್ತೆ ಮಾತ್ರ ಏನನ್ನೂ ಹಾಳುಮಾಡುವವಳಲ್ಲ. ಅಮ್ಮನ ಗಾಯ ಇನ್ನೂ ಮಾಯುವ ಮೊದಲೇ ಪ್ಲೈವುಡ್ಡಿನ ಆಚೆ ಅವಳ ಪಾಠಕ್ಕೆ ಹೊಸ ಸಾಲು ಸೇರಿತ್ತು. “ಹೇಳಿದ ಹಾಗೆ ಕೇಳ್ಬೇಕಮ್ಮ. ನಮ್ಮ ಮನೇಲೇ ಒಬ್ರು ಇದ್ದಾರೆ. ಹಾಳೇಲಿ ಬರೆದಿದ್ದು ಬಿಟ್ಟು ತಮ್ಮದೇ ಬುದ್ಧಿ ಓಡಿಸಿದ್ರು. ಈಗ ಹೊಟ್ಟೇಲಿ ಗುಳಿ. ನನ್ನನ್ನ ನೋಡಿ, ಮೂರನೇ ದಿನ ನಿಂತೆ.” ಎರಡು ಮಾತೂ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಯಾವ ಹೆಂಗಸೂ ಕೇಳಲಿಲ್ಲ. ಈಚೆ ಕೂತ ನಾನೂ ಕೇಳಲಿಲ್ಲ. ಫೋನು ಎತ್ತಿ “ಹಲೋ, ಹೇಳಿ” ಎನ್ನುತ್ತಿದ್ದೆ.

ಕಳೆದ ವರ್ಷ ಅತ್ತೆಗೆ ರಕ್ತಸ್ರಾವ ಶುರುವಾಯಿತು. ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು ಎಂದರು. ಬೇರೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನೋಡಿಕೊಳ್ಳಲು ಯಾರಿದ್ದಾರೆ? ಅಮ್ಮ ಕರವಸ್ತ್ರದ ಕೆಲಸಕ್ಕೆ ಒಂದು ವಾರ ರಜೆ ಹಾಕಿ ಹೋದಳು. ಮಂಚದ ಪಕ್ಕದ ಬೆಂಚಿನ ಮೇಲೆ ಮಲಗಿದಳು, ಚಮಚದಲ್ಲಿ ನೀರು ಕುಡಿಸಿದಳು, ಪಾತ್ರೆ ಇಟ್ಟಳು, ತೆಗೆದಳು. ಮಾಡುವಾಗ ಮುಖದಲ್ಲಿ ಒಂದು ಸುಕ್ಕು ಇರಲಿಲ್ಲ. ನಾನು ಕ್ಲಿನಿಕ್ಕಿಗೆ ರಜೆ ಹಾಕಿ ಹೋದದ್ದು ಮೂರನೇ ದಿನ.

ಆ ಬೆಳಿಗ್ಗೆ ನರ್ಸು ಬಂದು ಗಾಯದ ಮೇಲಿನ ದೊಡ್ಡ ಬ್ಯಾಂಡೇಜು ತೆಗೆದು ತೆಳ್ಳನೆಯ ಪಟ್ಟಿ ಅಂಟಿಸಿದಳು. “ಮೈ ಒರೆಸಿ. ಆಮೇಲೆ ಎಬ್ಬಿಸಿ ನಡೆಸಿ. ನಡೆದಷ್ಟೂ ಒಳ್ಳೇದು. ಸ್ವಲ್ಪ ಬಗ್ಗಿ ನಡೆದರೂ ಪರವಾಗಿಲ್ಲ” ಎಂದು ಹೇಳಿ ಹೋದಳು. ಅಮ್ಮ ಪರದೆ ಎಳೆದು, ಬೇಸಿನ್ನಿನಲ್ಲಿ ಬಿಸಿನೀರು ತಂದು, ಬಟ್ಟೆ ಹಿಂಡಿ ಒರೆಸತೊಡಗಿದಳು. ಕುತ್ತಿಗೆ, ತೋಳು, ಎದೆ. ಹೊಟ್ಟೆಗೆ ಬಂದಾಗ ಕೈ ನಿಧಾನವಾಯಿತು. ನಾನು ಪರದೆಯ ಅಂಚು ಹಿಡಿದು ನಿಂತಿದ್ದೆ.

ಕೆಳಗೆ, ಪಟ್ಟಿಯ ಅಡಿಯಲ್ಲಿ, ಅಂಗೈ ಉದ್ದದ ಹೊಸ ಗಾಯ. ಅಮ್ಮ ಅದರ ಎಡತುದಿಯಿಂದ ಸೊಂಟದ ತನಕ ಬೆರಳು ಆಡಿಸಿದಳು. ಬಲತುದಿಯಿಂದ ಸೊಂಟದ ತನಕ ಆಡಿಸಿದಳು. ಚರ್ಮ ನುಣ್ಣಗಿತ್ತು. ಆಮೇಲೆ ಹೊಕ್ಕುಳಿನ ಸುತ್ತ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಆರು ವರ್ಷ ತನ್ನ ಹೊಟ್ಟೆಯ ಗೆರೆಗಳನ್ನು ಬೆರಳಿನಲ್ಲೇ ತಿಳಿದವಳಿಗೆ ಏನಿರಬೇಕು, ಏನಿಲ್ಲ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

“ಉಂಗುರ ಇಲ್ವಲ್ಲೇ,” ಎಂದಳು.

ಅತ್ತೆ ಬಟ್ಟೆ ಕೆಳಗೆಳೆದುಕೊಳ್ಳಲು ನೋಡಿದಳು. ಅಮ್ಮ ಬಿಡಲಿಲ್ಲ. ಮಣಿಕಟ್ಟು ಹಿಡಿದುಕೊಂಡಳು.

“ನೀನು ಮಾಡಿಸ್ಕೊಂಡೇ ಇಲ್ಲ.”

“ಅದು ಕೆಲಸದ ಮಾತು ಅತ್ತಿಗೆ,” ಎಂದಳು ಅತ್ತೆ. ದನಿಯಲ್ಲಿ ಬೆಣ್ಣೆ ಇರಲಿಲ್ಲ. “ಎಲ್ರಿಗೂ ಹೇಳ್ತಿದ್ದದ್ದು. ನೀವು ಅದನ್ನ ಹಿಡ್ಕೊಂಡು ನಿಲ್ತೀರ ಅಂತ ನನಗೇನು ಕನಸು ಬಿದ್ದಿತ್ತಾ?”

“ನಾನು ನಿನ್ನನ್ನ ಕೇಳ್ದೆ. ನಿಲ್ಲಲಾ ಅಂತ ಕೇಳ್ದೆ.”

ಅತ್ತೆ ಮುಖ ಗೋಡೆಗೆ ತಿರುಗಿಸಿದಳು. ಆಮೇಲೆ ಮುಖ ಈಚೆ ತಿರುಗಿಸಿ ಗದ್ದದಿಂದ ನನ್ನ ಕಡೆ ತೋರಿಸಿದಳು. “ನನ್ನೊಬ್ಬಳನ್ನೇ ಯಾಕೆ ಹಾಗೆ ನೋಡ್ತೀರಿ? ಎಂಟು ವರ್ಷದವಳಿದ್ದಾಗಿಂದ ನಿಮ್ಮ ಮಗಳು ನನ್ನ ಹೊಟ್ಟೆ ನೋಡಿದ್ದಾಳೆ. ಆ ದಿನ ಅವಳೂ ಅಲ್ಲೇ ನಿಂತಿದ್ಲಲ್ಲ. ಅವಳನ್ನ ಕೇಳಿ.”

ಅಮ್ಮ ನನ್ನನ್ನು ನೋಡಿದಳು. ಕೇಳಲಿಲ್ಲ. ನಾನು ಪರದೆಯ ಬಟ್ಟೆ ನೋಡಿದೆ. ಅಷ್ಟರಲ್ಲೇ ಅವಳಿಗೆ ಉತ್ತರ ಸಿಕ್ಕಿತು. ಅಮ್ಮ ಅತ್ತೆಯ ಮಣಿಕಟ್ಟು ಬಿಟ್ಟಳು. ಬಟ್ಟೆಯನ್ನು ಬೇಸಿನ್ನಿನಲ್ಲಿ ಅದ್ದಿ, ಹಿಂಡಿ, ಬಿಟ್ಟುಹೋಗಿದ್ದ ಪಕ್ಕೆಯನ್ನೂ ಒರೆಸಿದಳು. ಒಣ ಟವೆಲ್ಲಿನಿಂದ ಒತ್ತಿದಳು. ನೈಟಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಆಮೇಲೆ ಬೇಸಿನ್ನನ್ನು ಮಂಚದ ಕೆಳಗೆ ಕಾಲಲ್ಲಿ ತಳ್ಳಿದಳು.

“ಇವತ್ತು ಎಷ್ಟನೇ ದಿನ?” ಎಂದು ಅತ್ತೆಯನ್ನು ಕೇಳಿದಳು.

ಅತ್ತೆ ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡಳು. ಅಮ್ಮ ನನ್ನ ಕಡೆ ತಿರುಗಿದಳು.

“ಮೂರನೇದು,” ಎಂದೆ.

“ಏಳು,” ಎಂದಳು ಅಮ್ಮ. “ನರ್ಸು ಹೇಳಿಲ್ವಾ, ಎಬ್ಬಿಸಿ ಅಂತ.”

ಎತ್ತಿ ಕೂರಿಸಿದಳು. ಕಾಲು ಕೆಳಗಿಳಿಸಿದಳು. ಅತ್ತೆ ಒಂದು ಕೈಯಲ್ಲಿ ಹೊಟ್ಟೆ ಒತ್ತಿಹಿಡಿದು, ಇನ್ನೊಂದರಲ್ಲಿ ಅಮ್ಮನ ಭುಜ ಹಿಡಿದು, ಬಗ್ಗಿಕೊಂಡೇ ನಿಂತಳು. ಅಮ್ಮ ತನ್ನ ಭುಜದ ಮೇಲಿನ ಕೈಯನ್ನು ತೆಗೆದು, ಹೊಟ್ಟೆಯ ಮೇಲಿನ ಕೈಯನ್ನೂ ತೆಗೆದು, ಎರಡನ್ನೂ ಪಕ್ಕಕ್ಕೆ ಇಳಿಬಿಟ್ಟಳು.

“ನೆಟ್ಟಗೆ.”

“ಆಗಲ್ಲ ಅತ್ತಿಗೆ. ದಮ್ಮಯ್ಯ.”

“ನಿನ್ನ ಕೈಲಿ ಆದ್ರೆ ಮಾಡು,” ಎಂದಳು ಅಮ್ಮ. “ಎಲ್ರಿಗೂ ಆಗಲ್ಲ.”

ಅತ್ತೆಯ ಬಾಯಿ ಅಳುವ ಹಾಗೆ ಸೊಟ್ಟಗಾಯಿತು, ಸದ್ದು ಬರಲಿಲ್ಲ. ಮಕ್ಕಳಿಲ್ಲದವಳು, ಮೂರು ದಿನದ ಹಿಂದೆ ಗರ್ಭಕೋಶ ಕಳೆದುಕೊಂಡವಳು, ಐವತ್ತೊಂದು ವರ್ಷದವಳು. ನನಗೆ ಅಯ್ಯೋ ಅನ್ನಿಸಿತು. ಸಾಕು ಬಿಡಮ್ಮ ಎನ್ನಲು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಅಭ್ಯಾಸ. ಅತ್ತೆ ಬೆನ್ನನ್ನು ಇಂಚು ಇಂಚಾಗಿ ನೇರ ಮಾಡಿದಳು. ಕಣ್ಣಿಂದ ನೀರು ಗಲ್ಲದ ತನಕ ಇಳಿದು, ಗುಂಡಿಯ ಮೇಲೆ ಬಿತ್ತು. ಕೊನೆಗೆ ಕಡ್ಡಿಯ ಹಾಗೆ ನಿಂತಳು.

ಅಮ್ಮ ಎರಡು ಹೆಜ್ಜೆ ಹಿಂದೆ ಹೋದಳು. ಹಾಸಿ ಮುಗಿಸಿದ ಹಾಸಿಗೆಯನ್ನು ಬಾಗಿಲಿನಿಂದ ನೋಡುವ ಹಾಗೆ, ಮೇಲಿನಿಂದ ಕೆಳಗಿನವರೆಗೆ ಅವಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೀನ್ಯಾಕೆ ಸುಮ್ನೆ ನಿಂತಿದ್ದೀಯ?” ಎಂದಳು. “ಚಪ್ಪಾಳೆ ತಟ್ಟು.”

ತಟ್ಟಿದೆ. ಪರದೆಯಾಚೆಯ ರೋಗಿಗಳು ಏನೋ ಸಂತೋಷ ಎಂದುಕೊಂಡು ಅವರೂ ತಟ್ಟಿದರು. ಅಮ್ಮ ಸಾಕು ಅನ್ನಲಿಲ್ಲ. ನಾನು ತಟ್ಟುತ್ತಲೇ ಇದ್ದೆ.